ಇಂಜನ್ ನಿಂತಿತೇ? ಮೊದಲು ಎಣ್ಣೆಯ ದಾರಿ ನೋಡ್ರಿ

ಕಮಲಾಪುರ ಎಂದರೆ ಕೆಂಪು ಬಾಳೆ ಎಂದು ಓದುಗರು ಕೇಳಿರಬಹುದು. ನನ್ನದು ಬಾಳೆಯ ಹೊಲವಲ್ಲ, ಮಳೆ ನಂಬಿದ ತೊಗರಿ ಹೊಲ. ಕರೆಂಟಿನ ಕಂಬ ನಮ್ಮ ಹೊಲದ ತನಕ ಬಂದಿಲ್ಲ. ಇರುವುದು ಒಂದು ಕೃಷಿ ಹೊಂಡ ಮತ್ತು 1994ರಲ್ಲಿ ನಮ್ಮಪ್ಪ ತಂದ 5 ಎಚ್.ಪಿ. ಡೀಸೆಲ್ ಇಂಜನ್. ಆಗ ಕಲಬುರಗಿಗೆ ಗುಲ್ಬರ್ಗ ಎಂದೇ ಹೆಸರು.

ಹೊಂಡದ ನೀರನ್ನು ನಾವು ವರ್ಷಕ್ಕೆ ಒಂದೋ ಎರಡೋ ಸಲ ಎತ್ತುತ್ತೇವೆ. ತೊಗರಿ ಹೂವಿಗೆ ಬಂದು ಕಾಯಿ ಕಟ್ಟುವ ಹೊತ್ತಿಗೆ ನೆಲ ಒಣಗಿದರೆ ಒಂದು ನೀರು ಕೊಟ್ಟರೂ ಬೆಳೆ ಉಳಿಯುತ್ತದೆ. ಅಂದರೆ ಇಂಜನ್ ವರ್ಷಪೂರ್ತಿ ಸುಮ್ಮನೆ ಕೂತಿರುತ್ತದೆ, ಬೇಕಾದ ನಾಲ್ಕು ದಿನ ಮಾತ್ರ ನಡೆಯಲೇಬೇಕು. ಆ ನಾಲ್ಕು ದಿನದಲ್ಲಿ ಅದು ಕೈಕೊಟ್ಟರೆ ಏನಾಗುತ್ತದೆ, ಯಾಕೆ ಕೈಕೊಡುತ್ತದೆ ಎಂಬುದನ್ನು ದುಡ್ಡು ಕೊಟ್ಟು ಕಲಿತಿದ್ದೇನೆ. ನಾನು ಓದಿದ್ದು ಏಳನೇ ಇಯತ್ತೆ, ಮಿಸ್ತ್ರಿ ಅಲ್ಲ. ಮಾಡಿ ನೋಡಿದ್ದನ್ನು, ತಿಳಿದವರಿಂದ ಕೇಳಿ ಖಾತ್ರಿ ಮಾಡಿಕೊಂಡಿದ್ದನ್ನು ಬರೆಯುತ್ತಿದ್ದೇನೆ.

2023ರಲ್ಲಿ ಆದದ್ದು

2023 ಬರದ ವರ್ಷ. ರಾಜ್ಯದ 223 ತಾಲೂಕುಗಳನ್ನು ಸರಕಾರ ಬರಪೀಡಿತ ಎಂದು ಸಾರಿತು. ಜುಲೈಯಲ್ಲಿ ಬಿದ್ದ ಮಳೆಗೆ ಹೊಂಡ ಅರ್ಧಕ್ಕಿಂತ ಮೇಲೆ ತುಂಬಿತ್ತು. ಆಗಸ್ಟ್ ಪೂರ್ತಿ ಒಣಗಿ ಹೋಯಿತು. ಅಕ್ಟೋಬರಿನಲ್ಲಿ ಎರಡು ಎಕರೆ ತೊಗರಿ ಹೂವಿಗೆ ನಿಂತಾಗ ಇಂಜನ್ ಹೊರಗೆ ತೆಗೆದೆ.

ಹ್ಯಾಂಡಲ್ ಹೊಡೆದೆ, ಚಾಲೂ ಆಯಿತು. ಇಪ್ಪತ್ತು ಮಿನಿಟು ಚೆನ್ನಾಗಿ ನಡೆಯಿತು. ಆಮೇಲೆ ದನಿ ಕುಗ್ಗಿತು, ನಿಂತಿತು. ಎಣ್ಣೆ ಮುಗಿಯಿತೇನೋ ಎಂದು (ನಮ್ಮ ಕಡೆ ಡೀಸೆಲ್‌ಗೂ ಎಣ್ಣೆ ಎಂದೇ ಅನ್ನುತ್ತೇವೆ) ಟಾಕಿಯ ಮುಚ್ಚಳ ತೆಗೆದು ನೋಡಿದೆ. ಅರ್ಧ ಟಾಕಿ ಇತ್ತು. ಮುಚ್ಚಳ ಹಾಕಿ ಹ್ಯಾಂಡಲ್ ಹೊಡೆದೆ, ಮತ್ತೆ ಚಾಲೂ. ಮತ್ತೆ ಇಪ್ಪತ್ತು ಮಿನಿಟು. ಎರಡು ದಿನ ಹೀಗೇ ಒದ್ದಾಡಿ ಒಂದು ಎಕರೆಗೆ ನೀರು ಮುಟ್ಟಿಸಿದೆ. ಮೂರನೆಯ ದಿನ ಟಾಕಿ ಪೂರ್ತಿ ತುಂಬಿಸಿದೆ. ಆಗ ಇಪ್ಪತ್ತು ಮಿನಿಟೂ ನಡೆಯಲಿಲ್ಲ, ಐದಾರು ಮಿನಿಟಿಗೇ ನಿಂತಿತು. ತೋಳು ಸೋತು ಹೋದವು.

ಡೀಸೆಲ್ ಪಂಪು ಹೋಗಿದೆ ಎಂದು ನಾನೇ ನಿರ್ಧಾರ ಮಾಡಿದೆ. ಪಂಪು, ನಾಜಲ್ ಬಿಚ್ಚಿ ಕಲಬುರಗಿಗೆ ಒಯ್ದೆ. ಅಂಗಡಿಯಲ್ಲಿ ನೋಡಿ, ಪಂಪಿನ ಒಳಗಿನ ಎಲಿಮೆಂಟ್ ಹಳೆಯದು ಎಂದು ಬದಲಿಸಿ, ನಾಜಲ್ ಹೊಸದು ಹಾಕಿ 2,600 ರೂಪಾಯಿ ತೆಗೆದುಕೊಂಡರು. ತಂದು ಜೋಡಿಸಿದೆ. ಚಾಲೂ ಆಯಿತು, ಇಪ್ಪತ್ತು ಮಿನಿಟಿಗೆ ನಿಂತಿತು. ಈ ಸಲ ಇಂಜನನ್ನೇ ಗಾಡಿಯಲ್ಲಿ ಹೇರಿಕೊಂಡು ಒಯ್ದೆ. ಅಲ್ಲಿ ಎರಡು ತಾಸು ನಿಲ್ಲದೆ ನಡೆಯಿತು. ‘ನೋಡ್ರಿ, ಏನೂ ಆಗಿಲ್ಲ’ ಎಂದರು. ಹೊಲಕ್ಕೆ ತಂದರೆ ಮತ್ತೆ ಅದೇ ಹಾಡು.

ಅಂಗಡಿಯವರದು ತಪ್ಪು ಎಂದು ಹೇಳಲಾರೆ. ಪಂಪು ಹೋಗಿದೆ ಎಂದು ಹೇಳಿಕೊಂಡು ಹೋದವನು ನಾನು. ಅವರು ಪಂಪು ನೋಡಿದರು.

ಬಸ್ಸಿನಲ್ಲಿ ಸಿಕ್ಕ ಉತ್ತರ

ಮೂರನೆಯ ಸಲ ನಾಜಲ್ ಒಂದನ್ನೇ ಟವೆಲಿನಲ್ಲಿ ಸುತ್ತಿಕೊಂಡು ಹೋಗಿ, ತೋರಿಸಿಕೊಂಡು, ಸಂಜೆಯ ಬಸ್ಸಿಗೆ ಕಮಲಾಪುರಕ್ಕೆ ಬರುತ್ತಿದ್ದೆ. ಪಕ್ಕದಲ್ಲಿ ವಯಸ್ಸಾದ ಒಬ್ಬ ಚಾಚಾ ಕೂತಿದ್ದರು. ಮೊದಲು ಇಂಜನ್ ಕೆಲಸ ಮಾಡುತ್ತಿದ್ದವರಂತೆ. ಟವೆಲಿನ ವಾಸನೆಗೇ ಅವರಿಗೆ ಗೊತ್ತಾಯಿತು.

‘ನಾಜಲ್ ಏನ್ ತಮ್ಮಾ ಅದು?’

‘ಹೌದ್ರಿ ಚಾಚಾ. ಇಂಜನ್ ಇಪ್ಪತ್ತು ಮಿನಿಟ್ ನಡೀತದ, ಬಂದ್ ಬೀಳ್ತದ.’

‘ಬಂದ್ ಬಿದ್ದ ಮ್ಯಾಲ ನೀ ಏನ್ ಮಾಡ್ತಿ?’

‘ಟಾಕಿ ಮುಚ್ಚಳ ತಗದು ಎಣ್ಣಿ ನೋಡ್ತೀನ್ರಿ. ಎಣ್ಣಿ ಇರ್ತದ. ಹ್ಯಾಂಡಲ್ ಹೊಡದ್ರ ಮತ್ತ ಚಾಲೂ ಆಗ್ತದ.’

‘ಮುಚ್ಚಳ ತಗಿಯೂ ಮುಂದ ಸುಸ್ ಅಂತದೇನು?’

ನೆನಪು ಮಾಡಿಕೊಂಡೆ. ಹೌದು, ಪ್ರತಿ ಸಲವೂ ಸುಸ್ ಎಂದು ಗಾಳಿ ಎಳೆದುಕೊಳ್ಳುತ್ತಿತ್ತು. ನಾನು ಲಕ್ಷ್ಯ ಕೊಟ್ಟಿರಲಿಲ್ಲ.

‘ಹಂಗಾದ್ರ ನಿನ್ನ ಇಂಜನ್‌ಗೆ ಏನೂ ಆಗಿಲ್ಲ. ಟಾಕಿಗಿ ಉಸುರು ಕಟ್ಟ್ಯಾದ. ಹೋಗಿ ಮುಚ್ಚಳ ನೋಡು.’

ಬೆಳಗಾಗುವುದಕ್ಕೆ ಕಾದು ಹೊಲಕ್ಕೆ ಹೋಗಿ ಮುಚ್ಚಳ ನೋಡಿದೆ. ಮುಚ್ಚಳದ ನಡುವೆ ಸೂಜಿ ತೂರುವಷ್ಟು ಒಂದು ತೂತು ಇರುತ್ತದೆ. ಒಳಗಿನ ವಾಷರ್ ಹರಿದಿದೆ, ಮಳೆ ನೀರು ಇಳಿದೀತು ಎಂದು ಹಿಂದಿನ ವರ್ಷ ನಾನೇ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಬಿಗಿ ಮಾಡಿದ್ದೆ. ತೂತು ಪೂರ್ತಿ ಬಂದ್. ಹಾಳೆ ಕಿತ್ತು ಬಿಸಾಕಿದೆ. ಅವತ್ತು ಇಂಜನ್ ಬೆಳಗಿನಿಂದ ಸಂಜೆ ತನಕ ನಡೆಯಿತು.

ಅಡುಗೆ ಎಣ್ಣೆಯ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಸರಿಯಾಗಿ ಬೀಳುವುದಿಲ್ಲ, ಗಾಳಿಗೆಂದು ಎದುರಿಗೆ ಇನ್ನೊಂದು ತೂತು ಹೊಡೆಯುತ್ತೇವೆ. ಮನೆಯಲ್ಲಿ ಹೆಂಗಸರಿಗೆಲ್ಲ ಗೊತ್ತಿರುವ ಮಾತು. ಟಾಕಿಯಿಂದ ಎಣ್ಣೆ ಕೆಳಗೆ ಇಳಿದಷ್ಟೂ ಮೇಲೆ ಗಾಳಿ ಬರಬೇಕು. ಬರದಿದ್ದರೆ ಎಣ್ಣೆ ಇಳಿಯುವುದು ನಿಲ್ಲುತ್ತದೆ. ಟಾಕಿ ತುಂಬ ಇದ್ದರೆ ಒಳಗೆ ಗಾಳಿಯ ಜಾಗ ಕಡಿಮೆ, ಅದಕ್ಕೇ ಬೇಗ ನಿಂತಿತು. ಎಣ್ಣೆ ನೋಡಲು ಮುಚ್ಚಳ ತೆಗೆದಾಗಲೆಲ್ಲ ನಾನೇ ಗೊತ್ತಿಲ್ಲದೆ ಅದಕ್ಕೆ ಗಾಳಿ ಕೊಡುತ್ತಿದ್ದೆ, ಅದಕ್ಕೇ ಮತ್ತೆ ಚಾಲೂ ಆಗುತ್ತಿತ್ತು. ಅಂಗಡಿಯಲ್ಲಿ ಎರಡು ತಾಸು ನಡೆದದ್ದು ಯಾಕೆ? ಅಲ್ಲಿ ನನ್ನ ಟಾಕಿಗೆ ಬದಲು, ಮುಚ್ಚಳವಿಲ್ಲದ ಅವರದೇ ಡಬ್ಬಿ ತೂಗುಹಾಕಿ ಎಣ್ಣೆ ಕೊಟ್ಟಿದ್ದರು.

ಇಷ್ಟು ತಿಳಿಯುವುದರಲ್ಲಿ ಹನ್ನೊಂದು ದಿನ ಹೋದವು. ಎರಡನೆಯ ಎಕರೆಯ ಹೂವು ಅಷ್ಟರಲ್ಲಿ ಉದುರಿತ್ತು. ನೀರು ಸಿಕ್ಕ ಎಕರೆ 4 ಕ್ವಿಂಟಲ್ ಕೊಟ್ಟಿತು, ತಡವಾದ ಎಕರೆ ಒಂದೂವರೆ. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲಿಗೆ 7,000 ಹಿಡಿದರೂ 17,500 ರೂಪಾಯಿ ಒಂದು ಪ್ಲಾಸ್ಟಿಕ್ ಹಾಳೆಗೆ ಹೋಯಿತು. ರಿಪೇರಿ, ಗಾಡಿ ಬಾಡಿಗೆ ಬೇರೆ.

ಎಣ್ಣೆ ಹೋಗುವ ದಾರಿ

ಇಂಜನ್ ನಿಂತರೆ ನಾವು ಮೊದಲು ದುಬಾರಿ ಸಾಮಾನಿನ ಮೇಲೆ ಸಂಶಯ ಪಡುತ್ತೇವೆ. ಅದು ಉಲ್ಟಾ ಪದ್ಧತಿ. ಎಣ್ಣೆ ಎಲ್ಲಿಂದ ಹೊರಡುತ್ತದೋ ಅಲ್ಲಿಂದ ಹಿಡಿದು ಒಂದೊಂದೇ ಜಾಗ ನೋಡುತ್ತ ಹೋಗಬೇಕು. ನಮ್ಮಂಥ ಇಂಜನಿನಲ್ಲಿ ದಾರಿ ಹೀಗಿದೆ: ಟಾಕಿ, ಟಾಕಿಯ ಕಾಕು, ಪೈಪು, ಫಿಲ್ಟರು, ಡೀಸೆಲ್ ಪಂಪು, ಅಲ್ಲಿಂದ ಗಟ್ಟಿ ಕಬ್ಬಿಣದ ಸಣ್ಣ ಪೈಪು, ಕೊನೆಗೆ ನಾಜಲ್. ಟಾಕಿ ಎತ್ತರದಲ್ಲಿರುವುದರಿಂದ ಪಂಪಿನ ತನಕ ಎಣ್ಣೆ ತನ್ನಷ್ಟಕ್ಕೆ ಇಳಿಯುತ್ತದೆ. ಪಂಪು ಅದನ್ನು ಸೆಂಟಿಮೀಟರ್ ಚೌಕಕ್ಕೆ ಸುಮಾರು 200 ಕಿಲೋ ಒತ್ತಡಕ್ಕೆ ಏರಿಸಿ ನಾಜಲಿಗೆ ತಳ್ಳುತ್ತದೆ.

ಪಂಪಿನ ತನಕದ ದಾರಿ ನೋಡಲು ಎರಡು ಪಾನಾ, ಒಂದು ಸ್ಕ್ರೂಡ್ರೈವರ್, ಒಂದು ಗಾಜಿನ ಬಾಟಲಿ ಸಾಕು. ಬೀಡಿ, ಬೆಂಕಿ ದೂರ ಇರಲಿ.

1. ಮುಚ್ಚಳ ಮತ್ತು ಟಾಕಿ: ಮುಚ್ಚಳ ಸಡಿಲ ಬಿಟ್ಟು ಇಂಜನ್ ನಡೆಸಿ ನೋಡ್ರಿ. ನಿಲ್ಲದಿದ್ದರೆ ತೂತು ಕಟ್ಟಿದೆ. ಮಣ್ಣು, ಬಣ್ಣ, ಹುಳದ ಗೂಡು ಏನಿದ್ದರೂ ಸೂಜಿಯಿಂದ ಬಿಡಿಸಿರಿ. ಮಳೆಗೆ ಮರೆ ಬೇಕಿದ್ದರೆ ಮುಚ್ಚಳದ ಮೇಲೆ ತಗಡಿನ ಡಬ್ಬಿ ಸಡಿಲವಾಗಿ ಬೋರಲು ಹಾಕಿರಿ, ಕೆಳಗೆ ಏನನ್ನೂ ಇಡಬೇಡಿ. ಟಾಕಿಯೊಳಗೆ ಎಲೆ, ಕಾಗದದ ತುಂಡು ಇದ್ದರೂ ಇದೇ ಥರ ಆಗುತ್ತದೆ. ಎಣ್ಣೆಯ ಸೆಳೆತಕ್ಕೆ ಬಾಯಿಗೆ ಬಂದು ಕೂಡುತ್ತದೆ, ಇಂಜನ್ ನಿಂತ ಮೇಲೆ ತೇಲಿ ಹೋಗುತ್ತದೆ.

2. ಕಾಕು ಮತ್ತು ಪೈಪು: ಫಿಲ್ಟರಿನ ಹತ್ತಿರ ಪೈಪು ಬಿಚ್ಚಿ ಬಾಟಲಿಗೆ ಹಿಡಿಯಿರಿ. ಕಾಕು ತೆರೆದರೆ ತುಂಬು ಧಾರೆ ಬೀಳಬೇಕು. ಹನಿ ಹನಿ ಬಿದ್ದರೆ ಕಾಕಿನ ಜಾಳಗಿ ಕಟ್ಟಿದೆ, ಇಲ್ಲವೆ ಪೈಪು ಒಳಗೆ ಹೂಳಿದೆ. ಹಳೆಯ ರಬ್ಬರ್ ಪೈಪು ಹೊರಗೆ ಚೆಂದ ಕಂಡರೂ ಒಳಗೆ ಉಬ್ಬಿ ಕಂಠ ಕಟ್ಟಿರುತ್ತದೆ. ಅದನ್ನು ಬದಲಿಸಬೇಕು, ಊದಿ ಉಪಯೋಗವಿಲ್ಲ.

3. ನೀರು: ಅದೇ ಬಾಟಲಿಯನ್ನು ಅರ್ಧ ತಾಸು ಅಲುಗಿಸದೆ ಇಡಿ. ಡೀಸೆಲ್ ನೀರಿಗಿಂತ ಹಗುರ, ಒಂದು ಲೀಟರ್ ಸುಮಾರು 820ರಿಂದ 845 ಗ್ರಾಂ ತೂಗುತ್ತದೆ. ನೀರಿದ್ದರೆ ತಳಕ್ಕೆ ಕೂತು ಗೆರೆ ಕಾಣುತ್ತದೆ. ಕಪ್ಪು ಲೋಳೆ ಕಂಡರೆ ಟಾಕಿಯಲ್ಲಿ ನೀರು ಬಹಳ ದಿನದಿಂದ ಇದೆ ಎಂದು ಅರ್ಥ. ಟಾಕಿ ಇಳಿಸಿ ಪೂರ್ತಿ ತೊಳೆಯಬೇಕು. ಅರ್ಧ ಟಾಕಿ ಎಣ್ಣೆ ಇಟ್ಟು ತಿಂಗಳುಗಟ್ಟಲೆ ಬಿಟ್ಟರೆ ರಾತ್ರಿಯ ತಂಪಿಗೆ ಒಳಗಿನ ಗಾಳಿಯ ತೇವವೇ ನೀರಾಗಿ ಇಳಿಯುತ್ತದೆ.

4. ಫಿಲ್ಟರು: ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕುವವರನ್ನು ನೋಡಿದ್ದೇನೆ, ನಾನೂ ಮಾಡಿದ್ದೇನೆ. ಮಾಡಬಾರದು. ತೊಳೆದರೆ ಕಾಗದ ಹರಿದು ಕಸ ನೇರ ಪಂಪಿಗೆ ಹೋಗುತ್ತದೆ. ಕಾಗದದ್ದನ್ನು ಬದಲಿಸಿರಿ, ಬಟ್ಟೆಯದಾದರೆ ಸ್ವಚ್ಛ ಡೀಸೆಲಿನಲ್ಲಿ ತೊಳೆಯಬಹುದು. ನೀರಲ್ಲಿ ಅಲ್ಲ.

5. ಏರ್ ತೆಗೆಯುವುದು: ಎಣ್ಣೆ ಖಾಲಿಯಾಗಿ ನಿಂತರೆ, ಪೈಪು ಬಿಚ್ಚಿದರೆ, ಒಳಗೆ ಗಾಳಿ ಹೊಗುತ್ತದೆ. ಎಣ್ಣೆಯನ್ನು ಒತ್ತಿದರೆ ಮುಂದೆ ಹೋಗುತ್ತದೆ, ಗಾಳಿಯನ್ನು ಒತ್ತಿದರೆ ಅದು ಬರೀ ಕುಗ್ಗುತ್ತದೆ. ಪಂಪು ಎಷ್ಟು ಹೊಡೆದರೂ ನಾಜಲ್ ತೆರೆಯುವುದಿಲ್ಲ. ತೆಗೆಯುವ ಕ್ರಮ ಇದು. ಕಾಕು ತೆರೆಯಿರಿ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿರಿ. ಮೊದಲು ಗುಳ್ಳೆ ಬರುತ್ತವೆ, ಗುಳ್ಳೆ ನಿಂತು ಬರೀ ಎಣ್ಣೆ ಬಂದ ಮೇಲೆ, ಅದು ಹರಿಯುತ್ತಿರುವಾಗಲೇ ಬಿಗಿ ಮಾಡಿರಿ. ಆಮೇಲೆ ಪಂಪಿನ ಸ್ಕ್ರೂ ಹಾಗೆಯೇ. ಕೊನೆಗೆ ನಾಜಲಿನ ಹತ್ತಿರದ ನಟ್ಟು ಒಂದು ಸುತ್ತು ಸಡಿಲಿಸಿ, ಆಕ್ಸಿಲೇಟರ್ ಪೂರ್ತಿ ಕೊಟ್ಟು, ಕಂಪ್ರೆಶನ್ ಬಿಡುವ ಲಿವರ್ ಎತ್ತಿ ಹ್ಯಾಂಡಲ್ ತಿರುವಿರಿ. ಎಣ್ಣೆ ಜಿಗಿದು ಬಂದ ಮೇಲೆ ನಟ್ಟು ಬಿಗಿಯಿರಿ. ಮೇಲಿನಿಂದ ಕೆಳಗೆ, ಟಾಕಿಯಿಂದ ನಾಜಲ್ ಕಡೆಗೆ. ನಡುವಿನಿಂದ ಶುರು ಮಾಡಿದರೆ ಹಿಂದಿನ ಗಾಳಿ ಮತ್ತೆ ಮುಂದೆ ಬರುತ್ತದೆ.

ಗಾಳಿ ತೆಗೆದ ಮೇಲೂ ದಿನವೂ ಏರ್ ಹಿಡಿದರೆ ಎಲ್ಲೋ ಜೋಡಣೆ ಸೋರುತ್ತಿದೆ. ಹೆಚ್ಚಾಗಿ ತಾಮ್ರದ ವಾಷರಿನದೇ ದೋಷ. ಒಮ್ಮೆ ಒತ್ತಿದ ವಾಷರ್ ಗಟ್ಟಿಯಾಗಿ ಮತ್ತೆ ಸರಿಯಾಗಿ ಕೂಡುವುದಿಲ್ಲ. ಹೊಸದು ಸಿಗದಿದ್ದರೆ, ಹಳೆಯದನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತದೆ. ಕಬ್ಬಿಣ ಹೀಗೆ ಮಾಡಿದರೆ ಗಟ್ಟಿಯಾಗಬಹುದು, ತಾಮ್ರ ಮೆತ್ತಗಾಗುತ್ತದೆ. ಇದೂ ಆ ಚಾಚಾ ಹೇಳಿಕೊಟ್ಟದ್ದೇ.

6. ನಾಜಲ್: ಹ್ಯಾಂಡಲನ್ನು ನಿಧಾನ ತಿರುವಿದಾಗ ನಾಜಲ್ ‘ಕರ್ರ್’ ಎಂದು ಸದ್ದು ಮಾಡಿದರೆ ಎಣ್ಣೆ ಅಲ್ಲಿಯ ತನಕ ಬಂದಿದೆ ಎಂದೇ ತಿಳಿಯಿರಿ. ಸದ್ದೇ ಇಲ್ಲದಿದ್ದರೆ ಬಂದಿಲ್ಲ, ಮತ್ತೆ ಹಿಂದಕ್ಕೆ ಹೋಗಿ ನೋಡಬೇಕು.

ಒಂದು ಎಚ್ಚರಿಕೆ. ನಾಜಲ್ ಹೊರಗೆ ತೆಗೆದು, ಸಿಡಿತ ಹೇಗಿದೆ ಎಂದು ಅಂಗೈ ಒಡ್ಡಿ ನೋಡುವ ರೂಢಿ ಕೆಲವರಿಗೆ ಇದೆ. ದಯಮಾಡಿ ಬೇಡ. ಆ ಒತ್ತಡಕ್ಕೆ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ನೋವೂ ಮೊದಲು ಕಡಿಮೆ. ಒಳಗೆ ಮಾಂಸ ಕೊಳೆಯುತ್ತದೆ, ಬೆರಳು ತೆಗೆಯುವ ಪರಿಸ್ಥಿತಿ ಬರಬಹುದು. ಹಾಗೇನಾದರೂ ಆದರೆ ಅರಿಶಿಣ ಹಚ್ಚಿ ಮನೆಯಲ್ಲಿ ಕೂಡದೆ, ಆಗಿಂದಾಗ ದೊಡ್ಡ ಆಸ್ಪತ್ರೆಗೆ ಹೋಗಿ ‘ಡೀಸೆಲ್ ಒಳಗೆ ಹೊಕ್ಕಿದೆ’ ಎಂದು ಹೇಳಬೇಕು.

7. ಪಂಪು: ಇದನ್ನು ಹೊಲದಲ್ಲಿ ಬಿಚ್ಚಬೇಡಿ. ಹೊರಗಿನಿಂದ ಒಂದನ್ನು ಮಾತ್ರ ನೋಡ್ರಿ. ಎಣ್ಣೆ ಹೆಚ್ಚು ಕಡಿಮೆ ಮಾಡುವ ಪಟ್ಟಿ (ರ‍್ಯಾಕ್) ಕೈಗೆ ಸಲೀಸಾಗಿ ಹಿಂದೆ ಮುಂದೆ ಸರಿಯಬೇಕು. ಮಳೆಗಾಲ ಕೂತ ಇಂಜನಿನಲ್ಲಿ ಇದು ಹಿಡಿದುಕೊಂಡಿರುತ್ತದೆ. ಸ್ವಲ್ಪ ಡೀಸೆಲ್ ಬಿಟ್ಟು ಮೆಲ್ಲಗೆ ಆಡಿಸಿದರೆ ಬಿಡುತ್ತದೆ. ಒಳಗಿನ ಎಲಿಮೆಂಟ್ ಮತ್ತು ಅದರ ಗೂಡು ಜೋಡಿಯಾಗಿಯೇ ತಯಾರಾಗುತ್ತವೆ, ಎರಡರ ನಡುವಿನ ಸಂದು ತಲೆಕೂದಲಿಗಿಂತ ಎಷ್ಟೋ ಪಾಲು ಸಣ್ಣದು. ಒಂದು ಧೂಳಿನ ಕಣ ಸಾಕು ಕೆಡಿಸಲು. ನಮ್ಮ ಕಡೆ ಈ ಪಂಪು, ನಾಜಲ್‌ಗಳಿಗೆ ಮೈಕೋ ಎಂದೇ ಹೆಸರು ಉಳಿದಿದೆ. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಂಪನಿಯ ಹೆಸರು 2008ರಿಂದ ಬಾಷ್. ಮೇಲಿನ ಆರೂ ಸರಿ ಇದ್ದರೆ ಮಾತ್ರ ಪಂಪನ್ನು, ಒತ್ತಡ ಅಳೆಯುವ ಯಂತ್ರವಿರುವ ಅಂಗಡಿಗೇ ಒಯ್ಯಿರಿ. ಡೀಸೆಲಿಗೆ ಸೀಮೆಎಣ್ಣೆ ಬೆರೆಸುವುದೂ ಪಂಪಿಗೆ ವಿಷ. ಪಂಪಿನ ಒಳಗೆ ಜಾರಿಕೆ ಕೊಡುವುದು ಡೀಸೆಲೇ, ಸೀಮೆಎಣ್ಣೆಗೆ ಆ ಗುಣ ಕಡಿಮೆ.

ದನಿ ಕೇಳಿ ಗುರುತಿಸುವುದು

ನಡೆದು ನಡೆದು ನಿಂತು, ಸ್ವಲ್ಪ ಬಿಟ್ಟರೆ ಮತ್ತೆ ಚಾಲೂ ಆದರೆ ಮುಚ್ಚಳ ಅಥವಾ ಟಾಕಿಯ ಕಸ. ದನಿ ಒಮ್ಮೆ ಏರಿ ಒಮ್ಮೆ ಇಳಿದು ತೂಗಾಡಿದರೆ ಗಾಳಿ. ಖಾಲಿ ಚೆನ್ನಾಗಿ ನಡೆದು, ನೀರು ಎತ್ತಲು ಶುರುವಾದ ಕೂಡಲೇ ದಮ್ಮು ಕಟ್ಟಿದರೆ ಫಿಲ್ಟರು. ಬಿಳಿ ಹೊಗೆ ಬಂದು ಬಡಬಡಿಸಿದರೆ ಎಣ್ಣೆಯಲ್ಲಿ ನೀರು ಇರಬಹುದು. ಕಪ್ಪು ಹೊಗೆ ಬಂದರೆ ಎಣ್ಣೆ ಕೊರತೆ ಅಲ್ಲವೇ ಅಲ್ಲ, ಗಾಳಿ ಜಾಳಿಗೆ ಕಟ್ಟಿದೆ, ನಾಜಲ್ ತೊಟ್ಟಿಕ್ಕುತ್ತಿದೆ, ಇಲ್ಲವೆ ಭಾರ ಹೆಚ್ಚಾಗಿದೆ.

ಪೆಟ್ರೋಲ್ ಇಂಜನ್ ಇದ್ದವರಿಗೆ

ಔಷಧ ಹೊಡೆಯುವ ಪಂಪು, ಪೆಟ್ರೋಲ್-ಸೀಮೆಎಣ್ಣೆಯ ನೀರಿನ ಪಂಪುಗಳಲ್ಲಿ ನಾಜಲಿಗೆ ಬದಲು ಕಾರ್ಬುರೇಟರ್ ಇರುತ್ತದೆ. ನೋಡುವ ಕ್ರಮ ಅದೇ: ಮುಚ್ಚಳ, ಕಾಕು, ಪೈಪು, ಜಾಳಗಿ, ಕೊನೆಗೆ ಕಾರ್ಬುರೇಟರಿನ ಬಟ್ಟಲು ಮತ್ತು ಜೆಟ್. ಜೆಟ್ಟಿಗೆ ತಂತಿ ತೂರಿಸಿದರೆ ತೂತು ದೊಡ್ಡದಾಗುತ್ತದೆ, ಸೈಕಲ್ ಪಂಪಿನಿಂದ ಊದಿರಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರ ತನಕ ಎಥೆನಾಲ್ ಇರುತ್ತದೆ. ಅದು ತೇವ ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಹಂಗಾಮು ಮುಗಿದ ಮೇಲೆ ಟಾಕಿ, ಬಟ್ಟಲು ಖಾಲಿ ಮಾಡಿ ಇಡುವುದು ಒಳ್ಳೆಯದು.

ಕರಾವಳಿಯಲ್ಲಿ ದೋಣಿಯ ಹಿಂದೆ ಕಟ್ಟುವ ಮೋಟರಿಗೂ ಇದೇ ಕಾಯಿಲೆ. ಅದರ ಎಣ್ಣೆ ಡಬ್ಬಿಯ ಮುಚ್ಚಳದಲ್ಲಿ ಗಾಳಿಗೆಂದೇ ಒಂದು ಸ್ಕ್ರೂ ಇರುತ್ತದೆ, ಹೊರುವಾಗ ಮುಚ್ಚಿ ಮೋಟರ್ ನಡೆಸುವಾಗ ತೆರೆಯಬೇಕು. ಮರೆತರೆ ಮೋಟರ್ ನಡು ನೀರಲ್ಲಿ ನಿಲ್ಲುತ್ತದೆ. ನನ್ನ ಇಂಜನ್ ಹೊಂಡದ ದಂಡೆಯಲ್ಲಿ ನಿಂತಿತು, ಬೆಳೆ ಹೋಯಿತು ಅಷ್ಟೇ. ಅವರದು ಜೀವದ ಮಾತು.

ಈಗ ನಾನು ಮಾಡುವುದು

ಎಣ್ಣೆಯನ್ನು ನಾಲ್ಕು ಮಡಿಕೆಯ ಮಲ್‌ಮಲ್ ಬಟ್ಟೆಯಲ್ಲಿ ಸೋಸಿ ಹಾಕುತ್ತೇನೆ. ಎಣ್ಣೆ ತರುವ ಕ್ಯಾನಿಗೆ ಬೇರೆ ಏನೂ ಹಾಕುವುದಿಲ್ಲ. ನಡೆಸುವ ದಿನಗಳಲ್ಲಿ ಸಂಜೆಯೇ ಟಾಕಿ ತುಂಬಿಸುತ್ತೇನೆ, ಹೀಗೆ ಮಾಡಿದರೆ ರಾತ್ರಿ ತೇವ ಇಳಿಯಲು ಜಾಗ ಇರುವುದಿಲ್ಲ. ಎರಡು ತಾಮ್ರದ ವಾಷರ್, ಒಂದು ಫಿಲ್ಟರು ಮನೆಯಲ್ಲಿ ಇಟ್ಟಿರುತ್ತೇನೆ. ಮುಖ್ಯವಾಗಿ, ತೊಗರಿ ಹೂವಿಗೆ ಬರುವ ತಿಂಗಳು ಮೊದಲೇ, ದಸರೆ ಆಯುಧ ಪೂಜೆಗೆ ಕಾಯದೆ, ಇಂಜನನ್ನು ಒಂದು ತಾಸು ಭಾರದ ಮೇಲೆ ನಡೆಸಿ ನೋಡುತ್ತೇನೆ. ಐದು ಮಿನಿಟು ಚಾಲೂ ಮಾಡಿ ಬಂದ್ ಮಾಡಿದರೆ ಸಾಲದು. ನನ್ನ ಇಂಜನ್ ಐದು ಮಿನಿಟು ಯಾವಾಗಲೂ ಚೆನ್ನಾಗಿಯೇ ನಡೆಯುತ್ತಿತ್ತು.

ಆ ಚಾಚಾ ಕಮಲಾಪುರದಲ್ಲಿ ಇಳಿಯುವಾಗ ಅವರ ಹೆಸರು ಕೇಳುವುದು ಮರೆತೆ. ಆಮೇಲೆ ಎಷ್ಟು ಸಲ ಅದೇ ಬಸ್ಸಿಗೆ ಹೋದರೂ ಸಿಕ್ಕಿಲ್ಲ. ಇಂಜನಿನ ಇಂಥ ಸಣ್ಣ ದೋಷಕ್ಕೆ ದೊಡ್ಡ ಬೆಲೆ ತೆತ್ತ ರೈತರು ಬೇರೆಯವರೂ ಇರಬಹುದು. ಅವರೂ ಬರೆದರೆ ನಮಗೆ ಓದಲು ಸಿಗುತ್ತದೆ.